ಹಾರಿಸುವ ಮುನ್ನ ಆರಿಸುವವರು

ಪಾಯಿಂಟ್ ಟೂ ಟೂ ಪಂಡಿತ ಎಂದರೆ, ಜೀವಮಾನದಲ್ಲಿ ಒಂದೇ ಒಂದು ಗುಂಡು ಹಾರಿಸದಿದ್ದರೂ ಯಾವ ಪಿಸ್ತೂಲು ಕೊಳ್ಳಬೇಕೆಂಬುದನ್ನು ಕರಾರುವಾಕ್ಕಾಗಿ ಬಲ್ಲವನು. ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಈತ ಸಿಗುತ್ತಾನೆ. ಆದರೆ ಕೆ.ಆರ್. ಪುರಂ ಹ್ಯಾಂಗಿಂಗ್ ಬ್ರಿಡ್ಜ್ ದಾಟಿ ವೈಟ್‌ಫೀಲ್ಡ್ ಕಡೆಗೆ ಹೊರಟರೆ, ಗರುಡಾಚಾರ್‌ಪಾಳ್ಯದ ಆಸುಪಾಸಿನಲ್ಲಿ ಈತನ ಬೆಳೆ ಹುಲುಸು. ವಯಸ್ಸು ಮೂವತ್ತೈದರಿಂದ ನಲವತ್ತೈದು. ಕೆಲಸ ಸಾಫ್ಟ್‌ವೇರ್. ಊರು ತುಮಕೂರು, ಹಾಸನ ಅಥವಾ ಚಿಂತಾಮಣಿ. ಅಲ್ಲಿ ನಾಲ್ಕು ತೆಂಗಿನಮರ ಇನ್ನೂ ಉಳಿದಿರುತ್ತವೆ. ಮನೆಯ ಬಾಲ್ಕನಿಯನ್ನು ನೋಡಿದರೆ ಈತನ ಪೂರ್ವಚರಿತ್ರೆ ತಿಳಿಯುತ್ತದೆ: ಗಾಳಿ ಹೋದ ಗೇರ್ ಸೈಕಲ್, ಅದರ ಹಿಂದೆ ಕ್ಯಾಮೆರಾದ ಟ್ರೈಪಾಡ್, ಟ್ರೈಪಾಡಿಗೆ ಒಣಹಾಕಿದ ಟವೆಲ್.

ಊರಾಗಿದ್ದ ಕಾಲದ ಗರುಡಾಚಾರ್‌ಪಾಳ್ಯಕ್ಕೂ ಇವನಿಗೂ ಹೆಚ್ಚು ಸಂಬಂಧವಿಲ್ಲ. ಕೆರೆಯನ್ನು ಈತ ಕಂಡಿರುವುದು ಹತ್ತನೆಯ ಮಹಡಿಯಿಂದ, ದೇವಸ್ಥಾನವನ್ನು ಕಂಡಿರುವುದು ಪಾರ್ಕಿಂಗ್ ಸಿಗದ ದಿನ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದ ಮೆಟ್ರೋ ಓಡಲು ಶುರುವಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೂ ಕೊಂಡಿ ಬಿದ್ದಿತು. ಅಲ್ಲಿಯವರೆಗೆ ಸ್ಟೀರಿಂಗ್ ಹಿಡಿದು ಹಲ್ಲು ಕಡಿಯುತ್ತಿದ್ದವನಿಗೆ ದಿನಕ್ಕೆ ಒಂದು ಗಂಟೆ ಕೈ ಖಾಲಿಯಾಯಿತು. ಖಾಲಿ ಕೈಯಲ್ಲಿ ಮೊಬೈಲು ಬಂತು, ಮೊಬೈಲಿನಲ್ಲಿ ಪಿಸ್ತೂಲು ಬಂತು.

ರೋಗ ಉಲ್ಬಣಿಸಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ. ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು ಕಂಚು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ತಂದರು. ಟರ್ಕಿಯ ಐವತ್ತೊಂದು ವರ್ಷದ ಯೂಸುಫ್ ದಿಕೆಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಪ್ಯಾಂಟ್ ಜೇಬಿನಲ್ಲಿಟ್ಟುಕೊಂಡು, ಬೆಸ್ಕಾಂ ಕೌಂಟರಿನಲ್ಲಿ ಬಿಲ್ಲು ಕಟ್ಟಲು ನಿಂತವರ ಹಾಗೆ ನಿಂತು ಬೆಳ್ಳಿ ಗೆದ್ದರು. ಈ ಎರಡನೆಯ ದೃಶ್ಯವೇ ಪಂಡಿತನನ್ನು ಕೆಡಿಸಿದ್ದು. ವಯಸ್ಸು ಅಡ್ಡಿಯಲ್ಲ, ಹೊಟ್ಟೆ ಅಡ್ಡಿಯಲ್ಲ, ಓಡುವ ಪ್ರಮೇಯವೇ ಇಲ್ಲ! ಮರುದಿನದಿಂದ ಈತ ಪಾನಿಪುರಿ ಗಾಡಿಯ ಮುಂದೂ ಎಡಗೈಯನ್ನು ಜೇಬಿನಲ್ಲಿಟ್ಟು ನಿಲ್ಲತೊಡಗಿದ. ಖಾಲಿ ಕೈ ಅಲ್ಲಾಡಿದರೆ ಮೈ ಅಲ್ಲಾಡುತ್ತದೆಂದು ಪಿಸ್ತೂಲುಗಾರರೆಲ್ಲ ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ. ಅದರಲ್ಲಿ ಠೀವಿ ಏನೂ ಇಲ್ಲ. ಹಾಗೆಂದು ಈತನಿಗೆ ಹೇಳುವವರು ಯಾರು?

ಪ್ಯಾರಿಸ್ಸಿನಲ್ಲಿ ಈ ಪದಕಗಳೆಲ್ಲ ಬಂದದ್ದು ಏರ್ ಪಿಸ್ತೂಲಿನಲ್ಲಿ. ಪಂಡಿತನಿಗೆ ಗಾಳಿಯ ಪಿಸ್ತೂಲೆಂದರೆ ತಾತ್ಸಾರ. ಮದ್ದು, ಹೊಗೆ, ಸದ್ದು ಇದ್ದರೇ ಅದು ಪಿಸ್ತೂಲು. ಹಾಗಾಗಿ ಮನು ನಾಲ್ಕನೆಯ ಸ್ಥಾನಕ್ಕೆ ನಿಂತ 25 ಮೀಟರ್ ಪಿಸ್ತೂಲನ್ನೇ ಈತ ಹಿಡಿದುಕೊಂಡ. ಅದು ಪಾಯಿಂಟ್ ಟೂ ಟೂ.

ಸಿದ್ಧಾಂತ ಭಾಗದಲ್ಲಿ ಈತನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ರಿಮ್‌ಫೈರ್ ಕಾಡತೂಸು ಹುಟ್ಟಿದ್ದು ಪ್ಯಾರಿಸ್ಸಿನಲ್ಲೇ; 1845ರಲ್ಲಿ ಫ್ಲೋಬೇರ್ ಎಂಬ ಬಂದೂಕುಗಾರ ಪಡಸಾಲೆಯಲ್ಲಿ ಕೂತು ಗುರಿ ಹೊಡೆಯುವ ಶ್ರೀಮಂತರಿಗಾಗಿ ಅದನ್ನು ಮಾಡಿದ. 1857ರಲ್ಲಿ ಸ್ಮಿತ್ ಆಂಡ್ ವೆಸನ್ ತನ್ನ ಮೊದಲ ರಿವಾಲ್ವರಿಗೆ ಪಾಯಿಂಟ್ ಟೂ ಟೂ ಶಾರ್ಟ್ ಅಳವಡಿಸಿತು. ಈಗ ಜಗತ್ತೆಲ್ಲ ಬಳಸುವ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ಬಂದದ್ದು 1887ರಲ್ಲಿ, ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಅದೇ ಗುಂಡು. ಹಿತ್ತಾಳೆ ಕೋಶದ ತಳದಂಚಿನ ಮಡಿಕೆಯೊಳಗೆ ಸಿಡಿಮದ್ದು ಕೂತಿರುತ್ತದೆ. ಪಿನ್ನು ತಳದ ನಡುವಿಗೆ ಹೊಡೆಯದೆ ಅಂಚನ್ನು ಜಜ್ಜುತ್ತದೆ. ಪಿನ್ನಿನ ಏಟಿಗೆ ಜಜ್ಜಿಹೋಗಬೇಕೆಂದರೆ ತಗಡು ತೆಳ್ಳಗಿರಬೇಕು, ತೆಳ್ಳಗಿದ್ದರೆ ಒಳಗಿನ ಒತ್ತಡ ಮಿತಿಯಲ್ಲಿರಬೇಕು. ಅದರಿಂದಲೇ ಸದ್ದು ಕಡಿಮೆ, ಒದೆತ ಕಡಿಮೆ, ಬೆಲೆಯೂ ಕಡಿಮೆ. ಎರಡೂವರೆ ಗ್ರಾಂ ಚಿಲ್ಲರೆ ತೂಕದ ಸೀಸ. ಒಮ್ಮೆ ಹೊಡೆದ ಕೋಶವನ್ನು ಮತ್ತೆ ತುಂಬುವಂತಿಲ್ಲ. ನಡು ನಡುವೆ ಒಂದೊಂದು ಠುಸ್ಸೆನ್ನುವುದೂ ಈ ಜಾತಿಯ ಗುಣ.

ಇಷ್ಟನ್ನೂ ಮೆಟ್ರೋ ಕಂಬದ ಪಕ್ಕದ ಟೀ ಅಂಗಡಿಯಲ್ಲಿ ಈತ ಸಹೋದ್ಯೋಗಿಗೆ ವಿವರಿಸುತ್ತಾನೆ. “ನೋಡು ಗುರು, ಮದ್ದು ನಡುಮಧ್ಯೆ ಇರಲ್ಲ, ಅಂಚಲ್ಲಿರುತ್ತೆ. ಅದೇ ಪಾಯಿಂಟು.” ಸಹೋದ್ಯೋಗಿ ತಲೆ ಆಡಿಸುತ್ತಾನೆ. ಅಂಗಡಿಯವನು ಮಾತ್ರ, “ಸಾರ್, ಟೀ ಆರೋಗ್ತೈತೆ,” ಎನ್ನುತ್ತಾನೆ.

ಮುಂದಿನ ಹಂತ ಎಕ್ಸೆಲ್ ಶೀಟ್. ಪಿಸ್ತೂಲುಗಳು ಇದರಲ್ಲಿ ಎರಡು ಪಂಗಡವಾಗುತ್ತವೆ. ಭಾನುವಾರ ಖುಷಿಗೆ ಡಬ್ಬ ಹೊಡೆಯಲು ಅಮೆರಿಕದವು: ರುಗರ್ ಮಾರ್ಕ್ ಫೋರ್, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಆಂಡ್ ವೆಸನ್ ಮಾಡೆಲ್ 41. ರುಗರ್ ಕಂಪನಿ 1949ರಲ್ಲಿ ಬಾಗಿಲು ತೆರೆದದ್ದೇ ಪಾಯಿಂಟ್ ಟೂ ಟೂ ಪಿಸ್ತೂಲಿನಿಂದ. ಅದರ ಹಳೆಯ ಮಾದರಿಗಳನ್ನು ಬಿಚ್ಚಿದವರು ಮತ್ತೆ ಜೋಡಿಸಲಾಗದೆ ಒದ್ದಾಡುತ್ತಿದ್ದರು. 2016ರ ಮಾರ್ಕ್ ಫೋರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಬಿಚ್ಚುವುದಕ್ಕೆ ಪಿಸ್ತೂಲೇ ಇಲ್ಲದವನಿಗೆ ಈ ಗುಂಡಿ ಬಹಳ ಮುಖ್ಯವಾಗಿ ಕಾಣುತ್ತದೆ. ಪಂದ್ಯಕ್ಕಾದರೆ ಯುರೋಪಿನವು: ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬಾವ್, ಸ್ವಿಟ್ಜರ್ಲೆಂಡಿನ ಮೊರಿನಿ. ಪಂದ್ಯದ ನಿಯಮಗಳಿಗೆ ಪ್ರತ್ಯೇಕ ಶೀಟ್ ಇದೆ. 25 ಮೀಟರ್ ಪಿಸ್ತೂಲಿನ ತೂಕ 1400 ಗ್ರಾಂ ಮೀರಬಾರದು. ನಳಿಗೆ 153 ಮಿಲಿಮೀಟರ್ ದಾಟಬಾರದು. ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ತಡೆಯಬೇಕು. ಇಡೀ ಪಿಸ್ತೂಲು 300, 150, 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಕೂರಬೇಕು. ಏಳು ಇಂಚು ನಳಿಗೆಯ ಮಾಡೆಲ್ 41 ಈ ಲೆಕ್ಕದಲ್ಲಿ ಅನರ್ಹವೆಂದು ಗೊತ್ತಾದ ರಾತ್ರಿ ಈತನಿಗೆ ನಿದ್ದೆ ಬರಲಿಲ್ಲ.

ಟ್ರಿಗರಿನ ತೂಕ ಅನುಭವಕ್ಕೆ ಬರಬೇಕಲ್ಲ? ಏರ್ ಪಿಸ್ತೂಲಿಗೆ 500 ಗ್ರಾಂ, ಪಾಯಿಂಟ್ ಟೂ ಟೂಗೆ 1000. ಅಂದರೆ ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ ಒಂದು ಮತ್ತು ಎರಡು. ಬೆಳಗಿನ ಹಾಲನ್ನು ಚೀಲದಲ್ಲಿ ಹಾಕಿ ತೋರುಬೆರಳಿಗೆ ನೇತುಹಾಕಿಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಂತ ಗಂಡನನ್ನು ಕಂಡು ಹೆಂಡತಿ ಮೊದಲ ದಿನ ಯೋಗವೆಂದುಕೊಂಡಳು. ದುರದೃಷ್ಟಕ್ಕೆ 2024ರ ಜೂನ್ ಕೊನೆಯಲ್ಲಿ ಹಾಲು ಮಹಾಮಂಡಲ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ತುಂಬಿ 2 ರೂಪಾಯಿ ಏರಿಸಿತ್ತು. ನೂರು ಗ್ರಾಂ ಹೆಚ್ಚಿನ ಟ್ರಿಗರಿಗೆ ಬೆರಳು ಪಳಗಿದೆ ಎಂದು ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ತೆಗೆದು ಬೆಲೆಯನ್ನು ಲೀಟರಿಗೆ 4 ರೂಪಾಯಿ ಏರಿಸಿದಾಗ ಇಡೀ ಗರುಡಾಚಾರ್‌ಪಾಳ್ಯದಲ್ಲಿ ಸಂತೋಷಪಟ್ಟವನು ಇವನೊಬ್ಬನೇ ಇರಬೇಕು.

ಹೀಗೆ ಸರ್ವಸನ್ನದ್ಧನಾಗಿ ಈತ ಒಂದು ಶನಿವಾರ ದಂಡಿನ ಕಡೆಯ ಬಂದೂಕಿನ ಅಂಗಡಿಗೆ ಹೋಗುತ್ತಾನೆ. ಪಾರ್ದಿನಿಯೋ ವಾಲ್ಟರೋ ಎಂದು ನಿರ್ಧರಿಸಿಕೊಂಡೇ ಹೋಗಿರುತ್ತಾನೆ. ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಲೈಸೆನ್ಸ್ ತಂದಿದೀರಾ?” ಎನ್ನುತ್ತಾರೆ. ಅಲ್ಲಿಗೆ ಎಕ್ಸೆಲ್ ಶೀಟ್ ಮುಗಿಯಿತು.

ಇದು ಭಾರತ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ವಯಸ್ಸು ಇಪ್ಪತ್ತೊಂದು ತುಂಬಿರಬೇಕು, ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು, ಠಾಣೆಯ ವರದಿ ಬೇಕು, ಎಲ್ಲಕ್ಕಿಂತ ಮೊದಲು ಯಾಕೆ ಬೇಕು ಎಂಬುದಕ್ಕೆ ಉತ್ತರ ಬೇಕು. “ಭಾನುವಾರ ಡಬ್ಬ ಹೊಡೆಯಲು” ಎಂಬ ಕಾರಣಕ್ಕೆ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಪರವಾನಗಿಯ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿದೆ. ಇನ್ನು ವಿದೇಶಿ ಪಿಸ್ತೂಲು: ಎಂಬತ್ತರ ದಶಕದಿಂದ ಅದನ್ನು ಅಂಗಡಿಗೆ ತರಿಸಿ ಮಾರುವಂತಿಲ್ಲ. ರಾಷ್ಟ್ರೀಯ ಪಂದ್ಯಗಳಲ್ಲಿ ನಿಗದಿತ ಅಂಕ ಗಳಿಸಿ ‘ಹೆಸರಾಂತ ಗುರಿಕಾರ’ ಎಂಬ ಮಾನ್ಯತೆ ಪಡೆದವರು ರಾಷ್ಟ್ರೀಯ ರೈಫಲ್ ಸಂಸ್ಥೆಯ ಶಿಫಾರಸಿನ ಮೇಲೆ ತಮ್ಮ ಬಳಕೆಗೆ ತರಿಸಿಕೊಳ್ಳಬಹುದು. ಉಳಿದವರಿಗೆ ಹಳೆಯ ಕಾಲದಲ್ಲಿ ಬಂದಿಳಿದು ಕೈಯಿಂದ ಕೈಗೆ ದಾಟುತ್ತಿರುವ ಮಾಲು, ಅದೂ ಚಿನ್ನದ ಬೆಲೆಗೆ. ಒಟ್ಟಿನಲ್ಲಿ ಪಂಡಿತ ಎರಡು ವರ್ಷ ಕೂತು ಬಿಡಿಸಿದ ಪ್ರಶ್ನೆಯನ್ನು ಈ ದೇಶದಲ್ಲಿ ಯಾರೂ ಅವನಿಗೆ ಕೇಳಿಯೇ ಇರಲಿಲ್ಲ. ಯಜಮಾನರು ಕನಿಕರದಿಂದ ಕಾನ್ಪುರದ ಸರ್ಕಾರಿ ಕಾರ್ಖಾನೆಯ ನಿರ್ಭೀಕ್ ರಿವಾಲ್ವರಿನ ಚಿತ್ರ ತೋರಿಸುತ್ತಾರೆ. ಅದು ಪಾಯಿಂಟ್ ಥ್ರೀ ಟೂ, ಆತ್ಮರಕ್ಷಣೆಗೆ ಮಾಡಿದ್ದು, 2014ರಲ್ಲಿ ಬಂದಾಗಲೇ ಲಕ್ಷ ದಾಟಿತ್ತು. ಈತ ಅದನ್ನು ಮಾವಿನಹಣ್ಣು ಕೇಳಿದವನಿಗೆ ಹುಣಸೆ ಕೊಟ್ಟಂತೆ ನೋಡುತ್ತಾನೆ.

ಡಬ್ಬ ಹೊಡೆಯುವ ಕನಸಿಗೆ ಇನ್ನೂ ಸ್ವಲ್ಪ ಜೀವ ಇರುತ್ತದೆ. ಭಾಮೈದನ ತೋಟ, ತೆಂಗಿನಮರದ ನೆರಳು, ಕಲ್ಲಿನ ಮೇಲೆ ಸಾಲಾಗಿ ಬಿಯರ್ ಡಬ್ಬಗಳು. ಆದರೆ ಪಾಯಿಂಟ್ ಟೂ ಟೂ ಗುಂಡು ನೋಡಲು ಚಿಕ್ಕದಾದರೂ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಗರುಡಾಚಾರ್‌ಪಾಳ್ಯದ ತಾರಸಿಯಿಂದ ಹೊರಟರೆ ಮೆಟ್ರೋದ ಮುಂದಿನ ನಿಲ್ದಾಣದ ಹತ್ತಿರ ಹತ್ತಿರ. ಹಬ್ಬ, ಮದುವೆ ಎಂದು ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಈ ದೇಶದಲ್ಲಿ ಡಬ್ಬಕ್ಕೆ ಹೊಡೆಯುವ ಆಸೆಯೂ ರೇಂಜಿನ ಗೋಡೆಯೊಳಗೇ ತೀರಬೇಕು, ಅಲ್ಲಿ ಡಬ್ಬಕ್ಕೆ ಪ್ರವೇಶವಿಲ್ಲ.

ಈ ಹಂತದಲ್ಲಿ ಪಂಡಿತ ಕಚೇರಿಯ ಕೊಡವ ಸಹೋದ್ಯೋಗಿಯನ್ನು ಅಸೂಯೆಯಿಂದ ಕಾಣತೊಡಗುತ್ತಾನೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕನ್ನಡ ನಾಡಿನಲ್ಲಿ ಖುಷಿಗೆ ಗುರಿ ಹೊಡೆಯುವ ಪದ್ಧತಿ ಏನಾದರೂ ಇದ್ದರೆ ಅದು ಇದೇ. “ನಿಂಗೇನಪ್ಪ, ಮನೇಲೇ ಇದೆ,” ಎಂದು ಪಂಡಿತ ನಿಟ್ಟುಸಿರು ಬಿಟ್ಟರೆ ಆತ, “ನಮ್ಮನೇದು ತಾತನ ಕಾಲದ ಕೋವಿ ಮಾರಾಯ. ಯಾವ ಕಂಪನೀದು ಅಂತ ನಂಗೂ ಗೊತ್ತಿಲ್ಲ,” ಎನ್ನುತ್ತಾನೆ. ಕಂಪನಿ ಗೊತ್ತಿಲ್ಲದೆ ತೆಂಗಿನಕಾಯಿ ಒಡೆಯುವುದು ಹೇಗೆ ಸಾಧ್ಯವೆಂಬುದು ಈತನಿಗೆ ಇಂದಿಗೂ ಬಗೆಹರಿದಿಲ್ಲ.

ಮನೆಯೊಳಗಿನ ವಿರೋಧವನ್ನು ಹೆಚ್ಚು ವರ್ಣಿಸಬೇಕಿಲ್ಲ. “ರೀ, ಮೊದ್ಲು ಆ ಬಾತ್‌ರೂಮಿನ ಹಲ್ಲೀನ ಓಡ್ಸಿ,” ಎಂಬಲ್ಲಿಗೆ ಅದು ನಿಲ್ಲುತ್ತದೆ. ಊರಹಬ್ಬದ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಪ್ರಸಂಗವೂ ಚಿಕ್ಕದೇ. ಈತ ಹತ್ತು ಛರ್ರೆಗೆ ಎರಡು ಬಲೂನು ಒಡೆದು, ಸೈಟ್ ಎಡಕ್ಕೆ ಬಾಗಿದೆ ಎಂದು ಅಂಗಡಿಯವನಿಗೆ ತೋರಿಸುತ್ತಿರುವಾಗ, ಆರನೇ ಕ್ಲಾಸಿನ ಮಗಳು ಅದೇ ಬಂದೂಕಿನಲ್ಲಿ ಬಲಕ್ಕೆ ಹಿಡಿದು ಏಳು ಒಡೆಯುತ್ತಾಳೆ.

ತಿರುವು ಬರುವುದು ಅನಿರೀಕ್ಷಿತ ದಿಕ್ಕಿನಿಂದ. ಈ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯೂರಿಟಿ ಮೇಲ್ವಿಚಾರಕರಾಗಿ ಬಹುಮಟ್ಟಿಗೆ ಒಬ್ಬ ಮಾಜಿ ಸೈನಿಕರಿರುತ್ತಾರೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಿಂದ ನಿವೃತ್ತರಾದ ಸುಬೇದಾರರು ಎಂದಿಟ್ಟುಕೊಳ್ಳಿ. ಲಿಫ್ಟಿನ ಮುಂದೆ ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಕುರಿತ ಉಪನ್ಯಾಸವನ್ನು ಅವರು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ. ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೈಕೊಟ್ಟ ಕತೆಯನ್ನೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ: “ತಾವು ಎಷ್ಟು ರೌಂಡ್ ಹೊಡ್ದಿದೀರಿ ಸಾರ್?”

“ಇನ್ನೂ ಆಯ್ಕೆ ಹಂತದಲ್ಲಿದೆ,” ಎನ್ನುತ್ತಾನೆ ಪಂಡಿತ. ಸುಬೇದಾರರು ನಗುವುದಿಲ್ಲ. ಸಲ್ಯೂಟ್ ಹೊಡೆದು ಗೇಟಿನ ಕಡೆ ಹೋಗುತ್ತಾರೆ. ನಕ್ಕಿದ್ದರೆ ಈತ ಉಳಿದುಕೊಳ್ಳುತ್ತಿದ್ದ. ಮರುವಾರ ರೇಂಜಿನ ಬಾಗಿಲಲ್ಲಿ ನಿಂತಿರುತ್ತಾನೆ.

ರೇಂಜಿನಲ್ಲಿ ಎಲ್ಲವೂ ತಲೆಕೆಳಗು. ಕೋಚ್ ಕೊಡುವುದು ನೂರಾರು ಕೈಗಳ ಬೆವರು ಕುಡಿದ ಹಳೆಯ ಏರ್ ಪಿಸ್ತೂಲು. 0.177 ಇಂಚು ನಳಿಗೆ ಮೀರದ, ಇಪ್ಪತ್ತು ಜೂಲ್ ಶಕ್ತಿ ದಾಟದ ಗಾಳಿ ಬಂದೂಕಿಗೆ ಪರವಾನಗಿ ಬೇಡ. ಪಂದ್ಯದ ಏರ್ ಪಿಸ್ತೂಲು ಅದರ ಅರ್ಧಕ್ಕೂ ಬಹಳ ಕೆಳಗೇ ಇರುತ್ತದೆ. ಮೊದಲ ವಾರ ಛರ್ರೆಯೇ ಇಲ್ಲ. ಬಿಳಿಗೋಡೆಗೆ ಹಿಡಿದು ನಿಲ್ಲಬೇಕು, ಅಷ್ಟೇ. ಸುಮಾರು ಒಂದು ಕಿಲೋ ಭಾರವನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದ ಅರ್ಧ ನಿಮಿಷಕ್ಕೆ ಪಿಸ್ತೂಲಿನ ಮೂತಿ ದೇವರು ಬಂದವರ ಹಾಗೆ ನಡುಗತೊಡಗುತ್ತದೆ. ಹತ್ತು ಮೀಟರ್ ಆಚೆಯ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಕೋಚ್ ಹೇಳುವುದು: ಗುರಿಯನ್ನು ನೋಡಬೇಡಿ, ಮುಂದಿನ ಸೈಟನ್ನು ನೋಡಿ, ಸೈಟ್ ಸ್ಪಷ್ಟ, ಗುರಿ ಮಸುಕು. ಕೈ ಅಲ್ಲಾಡಿದರೆ ಗುಂಡು ಅಷ್ಟೇ ಅಲ್ಲಾಡುತ್ತದೆ; ಎರಡು ಸೈಟುಗಳ ಸಾಲು ತಪ್ಪಿದರೆ ಆ ತಪ್ಪು ದೂರದ ಜೊತೆಗೆ ಬೆಳೆಯುತ್ತಾ ಹೋಗುತ್ತದೆ. ಇಷ್ಟು ಅರ್ಥವಾದ ಮೇಲೆ ಇನ್ನೊಂದು ಸತ್ಯ ಹೊರಬೀಳುತ್ತದೆ. ಈತನಿಗೆ ಚಾಳೀಸು ಬಂದಿದೆ, ಮುಂದಿನ ಸೈಟ್ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಎರಡು ವರ್ಷದ ಸಂಶೋಧನೆಯ ನಂತರ ಮೊದಲು ಕೊಂಡದ್ದು ಕನ್ನಡಕ.

ಪಿಸ್ತೂಲಿನ ನಿಜವಾದ ಆಯ್ಕೆ ಇಲ್ಲಿಂದ ಮುಂದಕ್ಕೆ, ಅದೂ ನಿಧಾನವಾಗಿ. ಮೊದಲು ಹಿಡಿ. ಮರದ ಗ್ರಿಪ್ ಅಂಗೈಗೆ ಚಪ್ಪಲಿಯಂತಲ್ಲ, ಚರ್ಮದಂತೆ ಕೂರಬೇಕು. ಕೂರದಿದ್ದರೆ ಅರದಿಂದ ಉಜ್ಜಬೇಕು, ತಗ್ಗಿದ್ದಲ್ಲಿ ಪುಟ್ಟಿ ತುಂಬಬೇಕು. ಕಣ್ಣು ಮುಚ್ಚಿ ಕೈ ಎತ್ತಿ, ತೆರೆದಾಗ ಸೈಟುಗಳು ತಾವಾಗಿ ಸಾಲಾಗಿ ನಿಂತಿದ್ದರೆ ಆ ಪಿಸ್ತೂಲು ಆ ಕೈಯದು. ಆಮೇಲೆ ಟ್ರಿಗರ್: ಹಗುರವಾಗಿದ್ದರಷ್ಟೇ ಸಾಲದು, ಪ್ರತಿಸಲವೂ ಅದೇ ಜಾಗದಲ್ಲಿ ಬಿಡುಗಡೆಯಾಗಬೇಕು. ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಮಾಡುವವರು ಈ ಊರಿನಲ್ಲಿದ್ದಾರೆಯೇ ಎಂಬುದು ಕಂಪನಿಯ ಹೆಸರಿಗಿಂತ ದೊಡ್ಡ ಮಾತು. ಪಾಯಿಂಟ್ ಟೂ ಟೂಗೆ ಬಂದಾಗ ಗುಂಡಿನ ಪ್ರಶ್ನೆಯೂ ಸೇರುತ್ತದೆ. ಒಂದು ಪಿಸ್ತೂಲಿಗೆ ಒಗ್ಗಿದ ಗುಂಡು ಇನ್ನೊಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವ ಅಭ್ಯಾಸವನ್ನು ಎಲ್ಲ ರಿಮ್‌ಫೈರಿನಲ್ಲೂ ಮಾಡುವಂತಿಲ್ಲ, ಪಿನ್ನು ನಳಿಗೆಯ ಅಂಚಿಗೇ ಬಡಿದು ಹಾಳಾಗಬಹುದು. ಪಂದ್ಯದ ಪಿಸ್ತೂಲುಗಳಲ್ಲಿ ಅದಕ್ಕೆ ಬೇರೆ ಏರ್ಪಾಡಿರುತ್ತದೆ. ಇವೆಲ್ಲ ಕೈಗೆ ಗೊತ್ತಾಗುವ ವಿಷಯ. ಪರವಾನಗಿ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಕ್ಲಬ್ಬಿನ ಪಿಸ್ತೂಲನ್ನೇ ಅಲ್ಲಿ ಬಳಸಿ ಕಲಿಯಬಹುದು. ಸ್ವಂತದ್ದು ಬೇಕೇ ಬೇಕು ಅನ್ನಿಸುವ ಹೊತ್ತಿಗೆ ರಾಜ್ಯ ಪಂದ್ಯದ ಅಂಕಪಟ್ಟಿ ಕೈಯಲ್ಲಿರಬೇಕು.

ದಾರಿ ಮುಚ್ಚಿಲ್ಲ ಎಂಬುದಕ್ಕೆ ಇದೇ ಊರಿನ ಪ್ರಕಾಶ್ ನಂಜಪ್ಪ ಸಾಕ್ಷಿ. ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು ಬೆಂಗಳೂರಿಗೆ ಮರಳಿ ಬಂದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಸ್ಪೇನ್‌ನ ಗ್ರನಾಡಾದಲ್ಲಿ ಪಂದ್ಯಕ್ಕೆ ಹೋಗಿದ್ದಾಗ ಮುಖದ ಒಂದು ಬದಿ ಪಾರ್ಶ್ವವಾಯುವಿನಿಂದ ಸೆಟೆಯಿತು. ಚೇತರಿಸಿಕೊಂಡು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪಾಯಿಂಟ್ ಟೂ ಟೂನ 50 ಮೀಟರ್ ಪಿಸ್ತೂಲು ಹಾರಿಸಿದರು. ಆ ಸ್ಪರ್ಧೆಯನ್ನು ರಿಯೊ ನಂತರ ಒಲಿಂಪಿಕ್ಸ್‌ನಿಂದಲೇ ಕೈಬಿಟ್ಟರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಜೊತೆ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು, ಎಲ್ಲವೂ ಏರ್ ಪಿಸ್ತೂಲಿನಲ್ಲೇ. ಪಂಡಿತ ಪ್ರಕಾಶ್ ಬಗ್ಗೆ ಮಾತಾಡುವಾಗ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಎರಡು ಶಬ್ದಗಳನ್ನು ಮಾತ್ರ ಒತ್ತಿ ಹೇಳುತ್ತಾನೆ. ಮಿಕ್ಕದ್ದು ತಾನಾಗಿ ಆಗುತ್ತದೆಂಬ ಭಾವ.

ರೇಂಜಿನವರೆಗೆ ಬಂದ ಪಂಡಿತರಲ್ಲಿ ಹೆಚ್ಚಿನವರು ಮೂರು ತಿಂಗಳಲ್ಲಿ ತಮ್ಮ ಏರ್ ಪಿಸ್ತೂಲನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ಹೆಚ್ಚು ಬಳಸಿಲ್ಲ’ ಎಂದು ಬರೆದು ಮಾರಾಟಕ್ಕಿಡುತ್ತಾರೆ. ಅದು ಅಕ್ಷರಶಃ ನಿಜವಾದ ಜಾಹೀರಾತು. ಉಳಿದ ಕೆಲವರು ನಿಲ್ಲುತ್ತಾರೆ. ಅರವತ್ತು ಗುಂಡಿಗೆ ಆರುನೂರರಲ್ಲಿ ಐನೂರು ದಾಟಿದ ದಿನ ಆಫೀಸಿಗೆ ಮೈಸೂರುಪಾಕು ತರುತ್ತಾರೆ. ಪಿಸ್ತೂಲಿನ ಕಂಪನಿಯ ಮಾತು ಆ ಹೊತ್ತಿಗೆ ನಿಂತಿರುತ್ತದೆ. ಆದರೆ ಪಿಸ್ತೂಲು ಸ್ಪರ್ಧೆಯಲ್ಲಿ ಕಾಲಿನ ಗಂಟು ಮುಚ್ಚುವ ಬೂಟು ಹಾಕುವಂತಿಲ್ಲ, ತಗ್ಗು ಅಂಚಿನದ್ದೇ ಆಗಬೇಕೆಂಬ ನಿಯಮವೊಂದಿದೆ. ಚಪ್ಪಟೆ ಅಟ್ಟೆಯ ಆ ಬೂಟುಗಳನ್ನು ಜರ್ಮನಿಯವರೂ ಮಾಡುತ್ತಾರೆ, ನಮ್ಮವರೂ ಮಾಡುತ್ತಾರೆ. ಹೊಸ ಎಕ್ಸೆಲ್ ಶೀಟ್ ತೆರೆದಿದೆ.